ಬೀರುಮೀಮಾಂಸೆ, ಅಥವಾ ವಸ್ತ್ರವಿಸರ್ಜನ ವಿಚಾರ

ಯಾವುದೇ ಶಾಸ್ತ್ರವನ್ನು ಆರಂಭಿಸುವ ಮುನ್ನ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ನಿರೂಪಿಸತಕ್ಕದ್ದೆಂಬುದು ಪ್ರಾಚೀನರ ಕಟ್ಟಳೆಯಾದುದರಿಂದ, ನಾವೂ ಆ ಮರ್ಯಾದೆಯನ್ನು ಮೀರದೆ ಮೊದಲಿಗೇ ಹೇಳಿಬಿಡುತ್ತೇವೆ: ಈ ಪ್ರಬಂಧಕ್ಕೆ ವಿಷಯವು ಬಾಗಿಲು ಹಾಕಲಾಗದಷ್ಟು ತುಂಬಿದ ಬಟ್ಟೆಯ ಬೀರು, ಪ್ರಯೋಜನವು ಆ ಬಾಗಿಲು ಮಂಡಿಯ ಸಹಾಯವಿಲ್ಲದೆ ಮುಚ್ಚಿಕೊಳ್ಳುವುದು, ಸಂಬಂಧವು ಬಹುಮಟ್ಟಿಗೆ ಬೀಗರ ಕಡೆಯದು, ಅಧಿಕಾರಿ ಯಾರೆಂಬುದು ಮಾತ್ರ ಪ್ರತಿಯೊಂದು ಮನೆಯಲ್ಲೂ ವಿವಾದಗ್ರಸ್ತವಾಗಿರುವುದರಿಂದ ಅದನ್ನು ಸದ್ಯಕ್ಕೆ ಮುಟ್ಟುವುದಿಲ್ಲ.

ಪೂರ್ವಕಾಲದಲ್ಲಿ ಈ ಶಾಸ್ತ್ರಕ್ಕೆ ಅವಕಾಶವೇ ಇರಲಿಲ್ಲ. ಹದಿನೆಂಟು ಮೊಳದ ಸೀರೆಯನ್ನುಡುತ್ತಿದ್ದ ಅಜ್ಜಿಯರ ಮನೆಗಳಲ್ಲಿ ನಿತ್ಯದ ಬಟ್ಟೆ ಗಳುವಿನ ಮೇಲೂ ಮದುವೆಯ ಪೀತಾಂಬರ ಮರದ ಪೆಟ್ಟಿಗೆಯೊಳಗೂ ಇರುತ್ತಿದ್ದುವು. ಗಳುವಿಗೆ ಬಾಗಿಲಿಲ್ಲ, ಆದುದರಿಂದ ಗುಟ್ಟೂ ಇಲ್ಲ. ಮನೆಯ ವಸ್ತ್ರಸಂಪತ್ತು ಎಷ್ಟೆಂಬುದು ಕತ್ತೆತ್ತಿದವರಿಗೆಲ್ಲ ಕಾಣುತ್ತಿತ್ತು. 1923ರಲ್ಲಿ ಗೋದ್ರೆಜ್ ಸಂಸ್ಥೆಯವರು ಉಕ್ಕಿನ ಬೀರುವನ್ನು ತಯಾರಿಸತೊಡಗಿದುದೂ, ಕ್ರಮೇಣ ಬೀರುವೆಂಬುದು ಮದುಮಗಳೊಡನೆ ಮನೆತುಂಬುವ ಪದಾರ್ಥಗಳಲ್ಲೊಂದಾದುದೂ ಈ ಶಾಸ್ತ್ರದ ಉದಯಕ್ಕೆ ಕಾರಣಗಳು. ಕಳ್ಳನಿಂದ ಕಾಪಾಡುವುದಕ್ಕೆಂದು ಮನೆಗೆ ಬಂದ ಈ ಪೇಟಿಕೆಯು ತನ್ನೊಳಗಿನ ಬಟ್ಟೆಯನ್ನು ಒಡೆಯರಿಂದಲೂ ಅಷ್ಟೇ ದಕ್ಷತೆಯಿಂದ ಕಾಪಾಡುತ್ತದೆಂಬುದು ಅನುಭವವೇದ್ಯ.

ಇನ್ನು ಪ್ರಧಾನ ಸಮಸ್ಯೆ. ಎಲ್ಲ ಅರೆಗಳೂ ತುಂಬಿ, ಒಂದು ಸೀರೆಯನ್ನೆಳೆದರೆ ಅದರ ಮೇಲಿನ ನಾಲ್ಕು ಪಾದದ ಮೇಲೆ ಬೀಳುವ ಸ್ಥಿತಿಯಲ್ಲಿರುವ ಬೀರುವಿನ ಮುಂದೆ ನಿಂತು, ಗೃಹಿಣಿಯು "ಉಟ್ಕೊಂಡು ಹೋಗೋಕೆ ಒಂದು ಸೀರೆ ಇಲ್ಲ ಕಣ್ರೀ" ಎಂದು ಉದ್ಗರಿಸುವುದನ್ನು ಕೇಳದ ಗೃಹಸ್ಥನಿಲ್ಲ. ಪಾಮರನು ಇದನ್ನು ಅಸತ್ಯವೆಂದು ಬಗೆದು ನಗುತ್ತಾನೆ. ನಕ್ಕುದರ ಫಲವನ್ನು ಆ ದಿನದ ಊಟದಲ್ಲಿ ಕಾಣುತ್ತಾನೆ. ನೈಯಾಯಿಕನು ನಗುವುದಿಲ್ಲ, ಅಭಾವಗಳು ನಾಲ್ಕು ಬಗೆಯಾದುದರಿಂದ ಇದು ಅವುಗಳಲ್ಲಿ ಯಾವುದು ಎಂದು ವಿಚಾರಿಸುತ್ತಾನೆ. ಮಗ್ಗದಿಂದ ಇನ್ನೂ ಇಳಿಯದ ಸೀರೆಯದು ಪ್ರಾಗಭಾವ. ದೀಪಾವಳಿಯ ಹೂಕುಂಡದ ಕಿಡಿ ಬಿದ್ದು ಸುಟ್ಟುಹೋದುದರದು ಪ್ರಧ್ವಂಸಾಭಾವ. ಗಂಡನ ಸಂಬಳದಲ್ಲಿ ತ್ರಿಕಾಲಕ್ಕೂ ದಕ್ಕದುದರದು ಅತ್ಯಂತಾಭಾವ. ಉದ್ಗಾರದ ಹುರುಳು ಈ ಮೂರರಲ್ಲೂ ಇಲ್ಲ. ಇರುವ ಸೀರೆಗಳಲ್ಲಿ ಒಂದೊಂದೂ ಉಡತಕ್ಕ ಸೀರೆಗಿಂತ ಬೇರೆಯಾಗಿದೆಯೆಂಬುದೇ ಅದರ ತಾತ್ಪರ್ಯವಾದುದರಿಂದ ಇದು ಶುದ್ಧವಾದ ಅನ್ಯೋನ್ಯಾಭಾವ. ಹಸುರು ಮೈಸೂರು ರೇಷ್ಮೆಯನ್ನು ಇದೇ ಮಂದಿ ಹೋದ ತಿಂಗಳ ನಾಮಕರಣದಲ್ಲಿ ನೋಡಿಯಾಗಿದೆ. ಇಳಕಲ್ಲಿನದಕ್ಕೆ ಹೊಂದುವ ರವಿಕೆ ತೋಳಿನಲ್ಲಿ ಬಿಗಿ. ಮೊಳಕಾಲ್ಮುರಿನದಕ್ಕೆ ಫಾಲ್ ಹೊಲಿಸಿಲ್ಲ. ನೀಲಿಯದನ್ನು ಕೊಟ್ಟವರೇ ಮದುವೆಗೆ ಬರುತ್ತಾರೆ, ಅವರೆದುರು ಉಟ್ಟರೆ ಬೇರೆ ಗತಿಯಿಲ್ಲವೆಂದುಕೊಂಡಾರು, ಉಡದಿದ್ದರೆ ಮೆಚ್ಚಲಿಲ್ಲವೆಂದುಕೊಂಡಾರು. ಹೀಗೆ ಬೀರು ತುಂಬಿದ್ದೂ ಸೀರೆಯಿಲ್ಲವೆಂಬ ವಾಕ್ಯವು ನಿರ್ದುಷ್ಟವಾದ ಪ್ರಮಾಣವೇ ಸರಿ.

ಗಂಡಸರು ಇಲ್ಲಿ ಬೀಗುವ ಕಾರಣವಿಲ್ಲ. ಆರತಕ್ಷತೆಗೆಂದು ಹೊಲಿಸಿದ ಸೂಟು ಪ್ಲಾಸ್ಟಿಕ್ ಹೊದಿಕೆಯಲ್ಲಿ ಇಂದಿಗೂ ತೂಗುತ್ತಿದೆ. ಗುಂಡಿಗೂ ಕಾಜಕ್ಕೂ ನಡುವಣ ಅಂತರವು ವರ್ಷೇ ವರ್ಷೇ ವರ್ಧಿಸುತ್ತಿದ್ದರೂ, "ಸ್ವಲ್ಪ ಹೊಟ್ಟೆ ಇಳಿದರೆ ಸರಿಹೋಗುತ್ತೆ" ಎಂಬ ಯಜಮಾನನ ನಂಬಿಕೆಗೆ ಚ್ಯುತಿಯಿಲ್ಲ.

ಪೂರ್ವಪಕ್ಷವನ್ನೂ ಕೇಳೋಣ. ಜಪಾನಿನ ಮಾರಿ ಕೊಂಡೊ ಎಂಬ ವಿದುಷಿಯು 2011ರಲ್ಲಿ ಪ್ರಕಟಿಸಿದ, ಅನಂತರ ಲೋಕವಿಖ್ಯಾತವಾದ ಗ್ರಂಥದಲ್ಲಿ, ಬಟ್ಟೆಯನ್ನೆಲ್ಲ ಒಂದೆಡೆ ರಾಶಿ ಹಾಕಿ, ಒಂದೊಂದನ್ನೂ ಕೈಗೆತ್ತಿಕೊಂಡು, ಆನಂದ ಸ್ಫುರಿಸಿದರೆ ಇಟ್ಟುಕೊಳ್ಳತಕ್ಕದ್ದು, ಇಲ್ಲವಾದರೆ ಅದಕ್ಕೆ ಕೃತಜ್ಞತೆಯನ್ನರ್ಪಿಸಿ ಬೀಳ್ಕೊಡತಕ್ಕದ್ದು ಎಂದು ವಿಧಿಸಿದ್ದಾರೆ. ಲಕ್ಷಣವು ದುಷ್ಟ. ನಾದಿನಿಯು ಗೃಹಪ್ರವೇಶಕ್ಕೆ ತಂದಿತ್ತ, ಬದನೆಕಾಯಿ ಬಣ್ಣಕ್ಕೆ ಕಿತ್ತಳೆಯಂಚಿನ ಸೀರೆಯನ್ನು ಹಿಡಿದು ಆನಂದಿಸಿದವರಿಲ್ಲ. ಆದರೂ ಅದು ಇರಲೇಬೇಕು, ಏಕೆಂದರೆ ನಾದಿನಿಯ ಜ್ಞಾಪಕಶಕ್ತಿ ಚೆನ್ನಾಗಿದೆ: ಇದು ಅವ್ಯಾಪ್ತಿ. ಅಂಗಡಿಯ ಗಾಜಿನ ಹಿಂದೆ ತೂಗುತ್ತಿರುವುವೆಲ್ಲ ಆನಂದವನ್ನು ಸ್ಫುರಿಸುತ್ತವೆ, ಆದರೆ ನಮ್ಮವಲ್ಲ: ಇದು ಅತಿವ್ಯಾಪ್ತಿ. ರಾಶಿಯ ವಿಧಿಯಲ್ಲೂ ತೊಡಕುಂಟು. ನಮ್ಮ ಮನೆಗಳಲ್ಲಿ ಅಷ್ಟು ಬಟ್ಟೆಯನ್ನು ಹಾಕಬಹುದಾದ ಸ್ಥಳವು ಮಂಚವೊಂದೇ. ರಾತ್ರಿ ಅದೇ ಮಂಚದಲ್ಲಿ ಮಲಗಬೇಕು. ಹತ್ತು ಗಂಟೆಗೆ ನಿದ್ದೆ ಎಳೆದಾಗ ರಾಶಿಯು ಮಡಿಸಲ್ಪಡದೆ, ಅಪ್ಪಿ ತಬ್ಬಿ ಬೀರುವಿನೊಳಕ್ಕೆ ನೂಕಲ್ಪಟ್ಟು, ಬೆಳಗ್ಗಿನದಕ್ಕಿಂತ ಇಮ್ಮಡಿಯ ಗಾತ್ರವನ್ನು ತಳೆಯುತ್ತದೆ.

ಸಿದ್ಧಾಂತವು ಸಾಂಖ್ಯರ ಸತ್ಕಾರ್ಯವಾದವನ್ನಾಶ್ರಯಿಸಿದೆ. ಎಳ್ಳಿನಲ್ಲಿ ಎಣ್ಣೆಯಿರುವಂತೆ ಕಾರ್ಯವು ಕಾರಣದಲ್ಲಿ ಮೊದಲೇ ಅಡಗಿರುವುದರಿಂದ, ಪ್ರತಿಯೊಂದು ಸೀರೆಯಲ್ಲೂ ಒಂದು ಒರೆಸುಬಟ್ಟೆ ಅವ್ಯಕ್ತವಾಗಿ ನೆಲಸಿದೆ. ನಾಶವೆಂಬುದಿಲ್ಲ, ಪರಿಣಾಮವೊಂದೇ ಉಂಟು. ನೂಲಿನ ಸೀರೆಯು ಹೊರಗಿನ ಓಡಾಟದಿಂದ ನಿವೃತ್ತವಾಗಿ ಮನೆಯಲ್ಲುಡುವ ಸೀರೆಯಾಗುತ್ತದೆ. ಅಲ್ಲಿಂದ ಮೃದುವಾಗಿ ಬಾಣಂತಿಕೋಣೆಯ ತೊಟ್ಟಿಲನ್ನು ಸೇರುತ್ತದೆ. ಬೇಸಗೆಯಲ್ಲಿ ಮಹಡಿಯ ಮೇಲೆ ಸಂಡಿಗೆಯ ಕೆಳಗೆ ಹಾಸಲ್ಪಟ್ಟು ಕಾಗೆಗಳ ಸಹವಾಸ ಮಾಡುತ್ತದೆ. ಕಟ್ಟಕಡೆಗೆ ಒಲೆಯ ಪಕ್ಕದ ಮಸಿಬಟ್ಟೆಯಾಗಿ ಮುಕ್ತಿಯನ್ನು ಕಾಣುತ್ತದೆ. ಉತ್ತರ ಕರ್ನಾಟಕದವರು ಹಳೆಯ ಸೀರೆಗಳನ್ನು ಪದರಪದರವಾಗಿ ಹಾಸಿ, ಮೇಲೆ ಚಿಂದಿಗಳನ್ನು ಜೋಡಿಸಿ, ಉದ್ದಕ್ಕೂ ಟಾಕು ಹಾಕಿ ಕೌದಿಯನ್ನು ಹೊಲಿಯುತ್ತಾರೆ. ಯಲ್ಲಾಪುರ, ಹಳಿಯಾಳಗಳ ಕಡೆಯ ಸಿದ್ದಿ ಹೆಂಗಸರ ಕೌದಿಗಳ ಬಣ್ಣಗಾರಿಕೆಯಂತೂ ದೇಶಾಂತರಗಳ ಪ್ರದರ್ಶನಗಳನ್ನು ಕಂಡಿದೆ. ಇದು ನಮ್ಮ ಸಿದ್ಧಾಂತಕ್ಕೆ ದೊಡ್ಡ ಬಲ. ಆದರೆ ಶಿಷ್ಯನು ಒಂದು ಮಾತನ್ನು ಮರೆಯಬಾರದು: ಕೌದಿಯೂ ಮಡಿಸಿಡಬೇಕಾದ ಪದಾರ್ಥ, ಮತ್ತು ಅದು ಬೀರುವಿನ ಕೆಳ ಅರೆಯಲ್ಲೇ ಕೂಡುತ್ತದೆ.

ರೇಷ್ಮೆಯ ಪರಿಣಾಮವು ಮಂದಗತಿಯದು. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇಟ್ಟ ರೇಷ್ಮೆ ಆ ಗೆರೆಯುದ್ದಕ್ಕೂ ಸೀಳುವುದರಿಂದ ಆಗಾಗ ಬಿಚ್ಚಿ ನೆರಳಿನಲ್ಲಿ ಹರವಿ ಮಡಿಕೆ ಬದಲಿಸತಕ್ಕದ್ದು. ಜರಿ ಕಪ್ಪಾದೀತೆಂದು ನುಸಿಗುಳಿಗೆಯನ್ನು ದೂರವಿಡತಕ್ಕದ್ದು. ಈ ಕರ್ಮವು ವಿಸರ್ಜನೆಯ ಸಂಕಲ್ಪದಿಂದಲೇ ಆರಂಭವಾಗಿ, 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಸ್ಥಾಪಿತವಾದ ಮೈಸೂರಿನ ರೇಷ್ಮೆ ಕಾರ್ಖಾನೆಯ ನೇಯ್ಗೆ ಈಗ ಹೀಗೆ ಬರುವುದಿಲ್ಲವೆಂಬ ಅತ್ತೆಯ ವ್ಯಾಖ್ಯಾನದಲ್ಲಿ ಪರ್ಯವಸಾನ ಹೊಂದುತ್ತದೆ. ಹೊರಹೋದ ಸೀರೆಗಳ ಸಂಖ್ಯೆ ಶೂನ್ಯ.

ಹಾಗಾದರೆ ವಿಸರ್ಜನೆಯೇ ಅಸಂಭವವೋ ಎಂದರೆ, ಅಲ್ಲ. ಕ್ರತುವಿನಲ್ಲಿ ಉಪಯೋಗಿಸಿ ಮುಗಿದ ವಸ್ತುವನ್ನು ಯಥಾಸ್ಥಾನಕ್ಕೆ ಸೇರಿಸುವ ಕ್ರಿಯೆಗೆ ಮೀಮಾಂಸಕರು ಪ್ರತಿಪತ್ತಿಕರ್ಮವೆನ್ನುತ್ತಾರೆ. ದೀಕ್ಷಿತನು ಮೈ ತುರಿಸಿಕೊಳ್ಳಲು ಬಳಸಿದ ಕೃಷ್ಣಮೃಗದ ಕೊಂಬನ್ನು ದಕ್ಷಿಣೆಯಿತ್ತ ಮೇಲೆ ಚಾತ್ವಾಲವೆಂಬ ಗುಂಡಿಗೆ ಎಸೆಯತಕ್ಕದ್ದೆಂಬುದು ಅವರ ಪ್ರಸಿದ್ಧ ಉದಾಹರಣೆ. ನಮ್ಮ ಬೀದಿಗಳಲ್ಲಿ ಆ ಗುಂಡಿಯ ಸ್ಥಾನವನ್ನು, ತಲೆಯ ಮೇಲಿನ ಬುಟ್ಟಿಯಲ್ಲಿ ಸ್ಟೀಲು ಡಬರಿಗಳನ್ನು ಹೊತ್ತು "ಹಳೇ ಬಟ್ಟೆಗೆ ಪಾತ್ರೇ" ಎಂದು ಕೂಗಿ ಬರುವಾಕೆಯು ಅಲಂಕರಿಸಿದ್ದಾಳೆ. ಈಕೆಯ ಪರೀಕ್ಷಾಕ್ರಮದ ಮುಂದೆ ಯಾವ ಪ್ರಮಾಣಶಾಸ್ತ್ರವೂ ನಿಲ್ಲದು. ಜಗಲಿಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಪ್ಯಾಂಟನ್ನು ಬೆಳಕಿಗೆ ಹಿಡಿದು, ಕೂರುವೆಡೆಯ ಬಟ್ಟೆಯನ್ನು ಎರಡು ಹೆಬ್ಬೆರಳುಗಳಿಂದ ಹಿಂಜಿ, ಜಿಪ್ಪನ್ನು ಒಮ್ಮೆ ಮೇಲಕ್ಕೆ ಒಮ್ಮೆ ಕೆಳಕ್ಕೆ ಎಳೆದು, "ಇದೇನವ್ವ, ಜಾಲರಿ ಆಗೋಗದೆ" ಎಂದು ಬದಿಗೆಸೆಯುತ್ತಾಳೆ. "ಡಬರಿ ಬೇಕಂದ್ರೆ ಇನ್ನೆರಡು ಪ್ಯಾಂಟು ಹಾಕವ್ವ." ಗೃಹಿಣಿಯು ಒಳಕ್ಕೆ ಹೋಗಿ, ಯಜಮಾನನು ಕಚೇರಿಯಲ್ಲಿರುವ ಸುಮುಹೂರ್ತವನ್ನು ಸದುಪಯೋಗಪಡಿಸಿಕೊಂಡು, ಇನ್ನೆರಡನ್ನು ತರುತ್ತಾಳೆ. ಅಧಿಕಾರಿ ಯಾರೆಂಬ ಪ್ರಶ್ನೆ ಇಲ್ಲಿಗೆ ಇತ್ಯರ್ಥವಾದಂತೆ. ಸೂಟನ್ನು ಮಾತ್ರ ಪಾತ್ರೆಯಾಕೆಯೂ ಒಲ್ಲಳು.

ಉಳಿದುದು ರವಿಕೆ ಕಣದ ಅಧಿಕರಣ. ಅರಿಶಿನಕುಂಕುಮಕ್ಕೆ ಹೋದಲ್ಲಿ ತೆಂಗಿನಕಾಯಿಯೊಡನೆ ದೊರೆಯುವ ಈ ವಸ್ತ್ರವು ಬಹುಮಟ್ಟಿಗೆ ಹೊಲಿಯಲ್ಪಡುವುದಿಲ್ಲ. ಮಡಿಕೆ ಕೆಡದೆ ಮುಂದಿನ ಮನೆಗೂ, ಅಲ್ಲಿಂದ ಅದರ ಮುಂದಿನದಕ್ಕೂ ಸಂಚರಿಸುತ್ತದೆ. ಮನೆಯಿಂದ ಯಾರ ಕಣ್ಣೀರೂ ಇಲ್ಲದೆ ಹೊರಡುವ ಬಟ್ಟೆ ಇದೊಂದೇ. ಆದರೆ ಶ್ರಾವಣದಲ್ಲಿ ಒಂದು ಹೋದರೆ ನವರಾತ್ರಿಯಲ್ಲಿ ಎರಡು ಬರುವುದರಿಂದ ಬೀರುವಿಗೆ ಲಾಭವೇನೂ ಇಲ್ಲ. ಕೊಟ್ಟವರ ಮನೆಗೇ ಕೊಟ್ಟುದನ್ನು ಹಿಂದಿರುಗಿಸುವ ಮಹಾಪಾತಕವನ್ನು ತಪ್ಪಿಸಲು ಜಾಣೆಯರು ಪ್ರತಿಯೊಂದು ಕಣದ ಮಡಿಕೆಯಲ್ಲೂ ದಾತೃವಿನ ಹೆಸರಿನ ಚೀಟಿಯನ್ನಿಟ್ಟಿರುತ್ತಾರೆ. ಆ ಚೀಟಿಯನ್ನು ತೆಗೆಯಲು ಮರೆತು, ಬೇರೊಬ್ಬರಿಗೆ ತಾಂಬೂಲದೊಡನೆ ಹಾಗೆಯೇ ಕೊಟ್ಟುಬಿಟ್ಟಲ್ಲಿ ಪ್ರಾಯಶ್ಚಿತ್ತವೇನೆಂಬುದನ್ನು ನಾವು ನೋಡಿದ ಮಟ್ಟಿಗೆ ಯಾವ ನಿಬಂಧಕಾರನೂ ಹೇಳಿಲ್ಲ.