ಕ್ಯೂಸಿ ಪಾಸ್

ಬೊಮ್ಮಸಂದ್ರದ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದ ಕಾಲದಲ್ಲಿ, ತೂತು 20 ಮೈಕ್ರಾನ್ ದೊಡ್ಡದಾಯಿತೆಂದು ಒಂದಿಡೀ ಲಾಟ್ ಬುಷ್‌ಗಳಿಗೆ ಕೆಂಪು ಚೀಟಿ ಕಟ್ಟಿ, ಮನೆಗೆ ಹೋಗಿ ನೆಮ್ಮದಿಯಾಗಿ ನಿದ್ದೆ ಮಾಡಿದ ಮನುಷ್ಯ ಇವರು. ಸೂಪರ್‌ವೈಸರ್ ಕೈಮುಗಿದರೂ ಜಗ್ಗಲಿಲ್ಲ, ಮ್ಯಾನೇಜರ್ ಫೋನ್ ಮಾಡಿದರೂ ಜಗ್ಗಲಿಲ್ಲ. ಅಂಥವರು ನಿವೃತ್ತರಾಗಿ ಸಿಂಗಸಂದ್ರದ ಅಪಾರ್ಟ್‌ಮೆಂಟಿಗೆ ಬಂದು ಪುಸ್ತಕ ವಿಮರ್ಶೆಗೆ ಕೈಹಾಕಿದ ಮೇಲೆ ಇಲ್ಲಿಯವರೆಗೆ ಒಂದೇ ಒಂದು ಪುಸ್ತಕವನ್ನೂ ರಿಜೆಕ್ಟ್ ಮಾಡಿಲ್ಲ.

ಹೆಸರು ಬೇಡ. ಇಂಥವರು ನಿಮ್ಮ ಲೇಔಟಿನಲ್ಲೂ ಒಬ್ಬರು ಇದ್ದೇ ಇರುತ್ತಾರೆ. ನಾವು ಅವರನ್ನು ‘ವಿಮರ್ಶಕರು’ ಅನ್ನುತ್ತೇವೆ, ಗೇಟಿನ ಸೆಕ್ಯೂರಿಟಿ ಹುಡುಗ ‘ಬುಕ್ ಅಂಕಲ್’ ಅನ್ನುತ್ತಾನೆ. ಆ ಹುಡುಗನಿಗೆ ಕನ್ನಡ ಓದಲು ಬರುವುದಿಲ್ಲ. ಆದರೆ ಕಂದು ಕವರು ಹಿಡಿದು ಹಿಂಜರಿಯುತ್ತಾ ಬರುವವರನ್ನು ಕಂಡರೆ ಫ್ಲ್ಯಾಟ್ ನಂಬರ್ ಕೇಳುವುದೇ ಇಲ್ಲ, ನೇರವಾಗಿ ಮೂರನೇ ಮಹಡಿಗೆ ಕೈ ತೋರಿಸುತ್ತಾನೆ.

ಮೊದಲೆಲ್ಲ ಇಷ್ಟು ಪುಸ್ತಕ ಬರುತ್ತಿರಲಿಲ್ಲ. ಬಸವನಗುಡಿ, ಜಯನಗರದ ಕವಿಗಳು ಹೊಸೂರು ರಸ್ತೆಯ ಈ ತುದಿಯತ್ತ ತಲೆ ಹಾಕಿ ಮಲಗುತ್ತಿರಲಿಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕು ವಿಮರ್ಶಕರನ್ನು ಎಷ್ಟೋ ಕಾದಂಬರಿಗಳಿಂದ ಕಾಪಾಡಿತ್ತು. 2025ರ ಆಗಸ್ಟ್ 10ರಂದು ಹಳದಿ ಮಾರ್ಗದ ಮೆಟ್ರೊ ಉದ್ಘಾಟನೆಯಾಯಿತು ನೋಡಿ, ಆ ರಕ್ಷಣೆ ಹೋಯಿತು. ಆರ್.ವಿ. ರಸ್ತೆಯಲ್ಲಿ ಹತ್ತಿದ ಕವಿ ಸಿಂಗಸಂದ್ರದಲ್ಲಿ ಇಳಿಯುತ್ತಾನೆ, ಬೆವರಿಲ್ಲ, ಬೈಗುಳವಿಲ್ಲ. ಶುರುವಿನಲ್ಲಿ ಮೂರೇ ರೈಲು, 25 ನಿಮಿಷಕ್ಕೊಂದು ಓಡುತ್ತಿತ್ತು. ಒಬ್ಬ ಕವಿಗೂ ಇನ್ನೊಬ್ಬ ಕವಿಗೂ ನಡುವೆ ಒಂದು ಕಾಫಿ ಕುಡಿಯುವಷ್ಟು ಬಿಡುವಾದರೂ ಇತ್ತು. ರೈಲು ಹೆಚ್ಚಾದಂತೆ ಆ ಬಿಡುವೂ ಹೋಯಿತು.

ಬರುವ ಪುಸ್ತಕಗಳೆಲ್ಲ ಲೇಖಕರೇ ಕೈಯಿಂದ ದುಡ್ಡು ಹಾಕಿ ಅಚ್ಚು ಮಾಡಿಸಿದವು. ಪ್ರಕಾಶನದ ಹೆಸರು ಮಗಳದ್ದೋ ಮನೆದೇವರದ್ದೋ ಆಗಿರುತ್ತದೆ. ಎಲೆಕ್ಟ್ರಾನಿಕ್ ಸಿಟಿಯ ಟೆಕ್ಕಿ ಬರೆದ ಕೊಲೆ ಕಾದಂಬರಿ, ನಿವೃತ್ತ ಬ್ಯಾಂಕ್ ಅಧಿಕಾರಿಯ ಯುರೋಪ್ ಪ್ರವಾಸ ಕಥನ, ಗೃಹಿಣಿಯೊಬ್ಬರ ಏರ್ ಫ್ರೈಯರ್ ಅಡುಗೆ, ಎಚ್‌ಆರ್ ಮೇಡಂ ಬರೆದ ‘ಗೆಲ್ಲುವುದು ಹೇಗೆ’ ಮಾದರಿಯ ಪುಸ್ತಕ. ಮತ್ತೆ ಗಜಲ್. ಗಜಲ್ ಸಂಕಲನ ಬಾರದ ವಾರವೇ ಇಲ್ಲ. ಹನಿಗವನದವರು ಹಾಯ್ಕುವಿಗೆ ಹೋದರು, ಹಾಯ್ಕುವಿನವರು ಟಂಕಾಕ್ಕೆ ಹೋದರು, ಕೊನೆಗೆ ಎಲ್ಲರೂ ಗಜಲ್‌ಗೆ ಬಂದು ಕೂತಿದ್ದಾರೆ.

ಪುಸ್ತಕ ಕೈಗೆ ಬಂದೊಡನೆ ವಿಮರ್ಶಕರೊಳಗಿನ ಇನ್‌ಸ್ಪೆಕ್ಟರ್ ಎದ್ದು ಕೂರುತ್ತಾನೆ. ಅದನ್ನು ನೋಡಬೇಕು. ಮೊದಲು ಉಕ್ಕಿನ ಸ್ಕೇಲ್ ಇಟ್ಟು ಡೆಮಿ 1/8 ಹೌದೋ ಅಲ್ಲವೋ ಅಳೆಯುತ್ತಾರೆ. ಹೆಬ್ಬೆರಳಿನಲ್ಲಿ ಹಾಳೆ ಉಜ್ಜಿ, ‘70 ಜಿಎಸ್‌ಎಂ, ನ್ಯಾಚುರಲ್ ಶೇಡ್’ ಎನ್ನುತ್ತಾರೆ. ಆಮೇಲೆ ಪುಸ್ತಕವನ್ನು ಸರಿ ಮಧ್ಯಕ್ಕೆ ಬಿಡಿಸಿ, ಮೇಜಿನ ಮೇಲೆ ಬೋರಲಾಗಿ ಒತ್ತಿ, ಬೆನ್ನಿನ ಹತ್ತಿರ ಕಿವಿ ಇಡುತ್ತಾರೆ. ಅಂಟು ‘ಟಪ್’ ಅಂದರೆ ಮುಖ ಕಪ್ಪಿಡುತ್ತದೆ. ಪರ್ಫೆಕ್ಟ್ ಬೈಂಡಿಂಗ್ ಎಂದು ಹೆಸರಿಟ್ಟುಕೊಂಡ ಬೈಂಡಿಂಗಿನಲ್ಲೇ ಹಾಳೆ ಕಳಚಿಕೊಳ್ಳುವುದು ಅವರಿಗೆ ವೈಯಕ್ತಿಕ ಅವಮಾನ. ಅವರ ವಿಮರ್ಶೆಯಲ್ಲಿ ನಿರ್ಭೀತವಾಗಿ ಹೊರಬೀಳುವ ವಾಕ್ಯ ಒಂದೇ: ‘ಬೈಂಡಿಂಗ್ ಇನ್ನಷ್ಟು ಗಟ್ಟಿಯಾಗಿರಬೇಕಿತ್ತು.’ ಬೈಂಡ್ ಮಾಡಿದವನ ಮನೆ ನಮ್ಮ ಅಪಾರ್ಟ್‌ಮೆಂಟಿನಲ್ಲಿಲ್ಲ.

ಅವರು ಓದುವುದಿಲ್ಲ ಎಂದುಕೊಂಡರೆ ತಪ್ಪು. ಅಕ್ಷರ ಬಿಡದೆ ಓದುತ್ತಾರೆ. ಅನೇಕ ವಿಮರ್ಶಕರು ಬೆನ್ನುಡಿ ನೋಡಿ ಬರೆದು, ಮುನ್ನುಡಿ ನೋಡಿ ಉದ್ದ ಮಾಡುತ್ತಾರಲ್ಲ, ಇವರು ಆ ಪೈಕಿಯಲ್ಲ. ಸೀಸದ ಕಡ್ಡಿ ಹಿಡಿದು ಅಂಚಿನಲ್ಲೆಲ್ಲ ಬರೆಯುತ್ತಾ ಹೋಗುತ್ತಾರೆ. ಅವರ ಮನೆಯಲ್ಲಿ ಚಪ್ಪಲಿ ಸ್ಟ್ಯಾಂಡನ್ನೂ ಪುಸ್ತಕಗಳು ಆಕ್ರಮಿಸಿಕೊಂಡಿವೆ. ಒಂದು ಸಂಜೆ ಅಲ್ಲಿಂದ ಒಂದು ಕಾದಂಬರಿ ತೆಗೆದು ತಿರುವಿಹಾಕಿದೆ. ನಮ್ಮ ಬಿ ಬ್ಲಾಕಿನ ಹುಡುಗನದ್ದು. 46ನೇ ಪುಟದಲ್ಲಿ ನಾಯಕನ ತಂದೆ ಹೃದಯಾಘಾತದಿಂದ ತೀರಿಕೊಳ್ಳುತ್ತಾರೆ. 71ನೇ ಪುಟದಲ್ಲಿ ಮಗಳ ಧಾರೆಯಲ್ಲಿ ಅವರೇ ನಿಂತು ನೀರು ಬಿಡುತ್ತಿದ್ದಾರೆ. ಪಕ್ಕದಲ್ಲಿ ಸೀಸದ ಕಡ್ಡಿಯ ಮುದ್ದಾದ ಅಕ್ಷರ: ‘ಇವರು 46ರಲ್ಲಿ ಹೋಗಿದ್ದರಲ್ಲ?’ ಅದರ ಕೆಳಗೆ, ‘ರೀವರ್ಕ್.’ ಇನ್ನೆರಡು ಪುಟ ದಾಟಿದರೆ ಸುಮ ಸುಮತಿಯಾಗುತ್ತಾಳೆ, ಅಲ್ಲೂ ಒಂದು ಗೆರೆ. ನುಡಿ ತಂತ್ರಾಂಶದಿಂದ ಯೂನಿಕೋಡಿಗೆ ತಿರುಗಿಸುವಾಗ ಒತ್ತಕ್ಷರಗಳು ದಿಕ್ಕಾಪಾಲಾದ ಕಡೆಯಲ್ಲೆಲ್ಲ ಒಂದೊಂದು ಸೊನ್ನೆ ಸುತ್ತಿದೆ.

ಕನ್ನಡ ಸಂಘದ ಮಾಸಿಕದಲ್ಲಿ ಅದೇ ಕಾದಂಬರಿಯ ಬಗ್ಗೆ ಅವರು ಬರೆದದ್ದು ಹೀಗಿತ್ತು: ‘ಇಲ್ಲಿನ ಪಾತ್ರಗಳು ಸಾವನ್ನೂ ಮೀರಿ ಓದುಗನನ್ನು ಕಾಡುತ್ತವೆ.’

ಈ ಕಲೆಯಲ್ಲಿ ಅವರನ್ನು ಮೀರಿಸುವವರಿಲ್ಲ. ಕೊಲೆಗಾರ ಯಾರೆಂದು ಲೇಖಕನೇ ‘ಅರಿಕೆ’ಯಲ್ಲಿ ಬಾಯಿಬಿಟ್ಟಿದ್ದ ಪತ್ತೇದಾರಿಗೆ ‘ಪ್ರಾಮಾಣಿಕತೆ ಲೇಖಕರ ದೊಡ್ಡ ಗುಣ’ ಎಂದರು. ಯುರೋಪ್ ಪ್ರವಾಸ ಕಥನದಲ್ಲಿ ಕಂಡದ್ದಕ್ಕಿಂತ ತಿಂದದ್ದು ಹೆಚ್ಚಿತ್ತು, ಪ್ಯಾರಿಸ್ಸಿನಲ್ಲಿ ಮೊಸರನ್ನ ಸಿಕ್ಕಿದ ಪ್ರಸಂಗಕ್ಕೇ ಒಂದು ಅಧ್ಯಾಯ. ‘ರುಚಿಕಟ್ಟಾದ ಬರವಣಿಗೆ’ ಎಂದರು. ಕಾಫಿಯಾ ಇಲ್ಲ, ರದೀಫ್ ಇಲ್ಲ, ಇದ್ದದ್ದು ವಿರಹವೊಂದೇ ಎಂಬಂಥ ಗಜಲ್ ಸಂಕಲನಕ್ಕೆ ‘ನಿಯಮಗಳ ಹಂಗು ತೊರೆದ ದಿಟ್ಟ ಪ್ರಯೋಗ’ ಎಂಬ ಪ್ರಶಸ್ತಿ ಸಿಕ್ಕಿತು. ಸುಳ್ಳು ಎನ್ನುವ ಹಾಗಿಲ್ಲ, ಒಂದೊಂದು ವಾಕ್ಯವೂ ನಿಜ. ಹೇಳಬೇಕಾದದ್ದನ್ನು ಹೇಳಿಯೇ ಇರುತ್ತಾರೆ. ಕೇಳಿಸಿಕೊಂಡ ಲೇಖಕ ಮಾತ್ರ ಅದನ್ನು ಎರಡನೇ ಮುದ್ರಣದ ಬೆನ್ನುಡಿಗೆ ಎತ್ತಿಟ್ಟುಕೊಳ್ಳುತ್ತಾನೆ.

‘ಬುಷ್‌ಗೊಂದು ನ್ಯಾಯ, ಪುಸ್ತಕಕ್ಕೊಂದು ನ್ಯಾಯವೇ ಸಾರ್?’ ಎಂದು ಒಮ್ಮೆ ಕೇಳಿಯೇಬಿಟ್ಟೆ.

‘ಕಾದಂಬರಿ ಬರೆದಿರೋ ಆ ಹುಡುಗ ದಿನಾ ಲಿಫ್ಟಲ್ಲಿ ಸಿಗ್ತಾನೆ ಕಣ್ರೀ’ ಎಂದರು. ‘ಬುಷ್ ಯಾವತ್ತೂ ಲಿಫ್ಟಲ್ಲಿ ಸಿಕ್ಕಿರಲಿಲ್ಲ.’

ಒಳಗಿನಿಂದ ಅವರ ಶ್ರೀಮತಿಯವರ ದನಿ ಬಂತು: ‘ಅದೇನ್ರೀ ಅಷ್ಟು ಬರೀತೀರಿ? ಆ ಕಾದಂಬರಿ ನಾನೂ ಓದಿದೆ. ಬೇಳೆ ಬೇಯೋದ್ರೊಳಗೆ ಮುಗೀತು. ಬೇಳೆ ಚೆನ್ನಾಗಿ ಬೆಂದಿತ್ತು.’ ಸಂಘದ ಮಾಸಿಕದವರು ಈಕೆಯನ್ನು ಇನ್ನೂ ಪತ್ತೆಹಚ್ಚಿಲ್ಲ. ಹಚ್ಚದಿರಲಿ, ಅಪಾರ್ಟ್‌ಮೆಂಟಿನ ಶಾಂತಿಗೆ ಒಳ್ಳೆಯದು.

ತಾವೇ ಅಚ್ಚು ಮಾಡಿಸಿಕೊಳ್ಳುವುದು ಕನ್ನಡದಲ್ಲಿ ನಾಚಿಕೆಯ ವಿಷಯವಂತೂ ಅಲ್ಲ. ಗಳಗನಾಥರು ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ನಡೆದು ಮಾರಿದವರು. ಜಿ.ಪಿ. ರಾಜರತ್ನಂ ತಮ್ಮ ಪುಸ್ತಕಗಳನ್ನು ತಾವೇ ಪ್ರಕಟಿಸಿ, ಹೆಗಲಿಗೆ ಹಾಕಿಕೊಂಡು ಮಾರಿದವರು. ಕಾರಂತರು ಪುತ್ತೂರಿನಲ್ಲಿ ಅಚ್ಚುಕೂಟವನ್ನೇ ನಡೆಸಿದರು. ಈ ಹೆಸರುಗಳನ್ನು ನಮ್ಮ ವಿಮರ್ಶಕರು ಪ್ರತಿ ಬಿಡುಗಡೆಯಲ್ಲೂ ಹೇಳುತ್ತಾರೆ. ಹೇಳಿದಾಗಲೆಲ್ಲ ವೇದಿಕೆಯ ಲೇಖಕ ಆ ಸಾಲಿನಲ್ಲಿ ನಾಲ್ಕನೆಯವನಾಗಿ ನಿಂತು ತಲೆ ತಗ್ಗಿಸುತ್ತಾನೆ. ಹೆಗಲ ಮೇಲೆ ಹೊತ್ತು ಮಾರಬೇಕೆಂದರೆ ಮಾತ್ರ ಅವನಿಗೆ ಮರುದಿನ ಆಫೀಸು.

ಬಿಡುಗಡೆ ನಡೆಯುವುದು ಕ್ಲಬ್‌ಹೌಸಿನಲ್ಲಿ. ನವೆಂಬರಿನಲ್ಲಾದರೆ ರಾಜ್ಯೋತ್ಸವದ ಬ್ಯಾನರೂ ಇರುತ್ತದೆ, ಒಂದು ಖರ್ಚು ಉಳಿಯಿತು. ಸರ್ಕಾರಿ ಸಮಾರಂಭಗಳಲ್ಲಿ ಹಾರ ತುರಾಯಿ ಬೇಡ, ಕನ್ನಡ ಪುಸ್ತಕ ಕೊಡಿ ಎಂದು 2021ರಲ್ಲಿ ಸರ್ಕಾರ ಹೇಳಿತಷ್ಟೆ. ನಮ್ಮ ಕ್ಲಬ್‌ಹೌಸಿನವರು ಅದನ್ನು ಶಿರಸಾವಹಿಸಿ ಪಾಲಿಸುತ್ತಾರೆ. ಹೋದ ತಿಂಗಳು ಬಿಡುಗಡೆಯಾಗಿ ಉಳಿದ ಪುಸ್ತಕವನ್ನು ಈ ತಿಂಗಳ ಅತಿಥಿಗೆ ಕೊಡುತ್ತಾರೆ, ಈ ತಿಂಗಳದ್ದು ಮುಂದಿನ ತಿಂಗಳಿನವರಿಗೆ. ಹೀಗೆ ಸುತ್ತಿ ಸುತ್ತಿ ಎಷ್ಟೋ ಪುಸ್ತಕ ಕೊನೆಗೆ ಲೇಖಕನ ಕೈಗೇ ಗೌರವಪ್ರತಿಯಾಗಿ ಬಂದಿದೆ. ಬಣ್ಣದ ಕಾಗದ ಬಿಚ್ಚಿ, ಐದು ಜನ ಐದು ಪ್ರತಿ ಮುಖದ ಪಕ್ಕ ಹಿಡಿದು ಫೋಟೊ ತೆಗೆಸಿಕೊಳ್ಳುತ್ತಾರೆ. ಸಭೆಯಲ್ಲಿ ಆ ಪುಸ್ತಕ ಓದಿದವರು ವಿಮರ್ಶಕರೊಬ್ಬರೇ. ಉಳಿದವರು ಖಾರಾಬಾತ್ ಕೇಸರಿಬಾತ್‌ಗೆ ಕಾಯುತ್ತಿರುತ್ತಾರೆ. ವಿಮರ್ಶಕರ ಭಾಷಣದಲ್ಲಿ ‘ಕೊನೆಯದಾಗಿ’ ಎಂಬ ಮಾತು ಎರಡು ಸಲ ಬರುತ್ತದೆ. ಮೊದಲನೆಯದಕ್ಕೆ ಯಾರೂ ಏಳುವುದಿಲ್ಲ, ಅಭ್ಯಾಸವಾಗಿದೆ.

500 ಪ್ರತಿಯಲ್ಲಿ ಬಂಧುಬಳಗಕ್ಕೆ ಹೋದದ್ದು ಹೋಯಿತು. ಗ್ರಂಥಾಲಯ ಇಲಾಖೆಯ ಏಕಗವಾಕ್ಷಿ ಯೋಜನೆಯಲ್ಲಿ ಆಯ್ಕೆಯಾದರೆ 300 ಪ್ರತಿ ತೆಗೆದುಕೊಂಡಾರು ಎಂಬ ಆಸೆ ಎಲ್ಲರಿಗೂ ಇದ್ದದ್ದೇ. ಆಗಲಿಲ್ಲವೆಂದರೆ ಮಂಚದ ಕೆಳಗೆ. ಐಎಸ್‌ಬಿಎನ್ ಇದೆಯಲ್ಲ ಎಂದು ಲೇಖಕ ಸಮಾಧಾನಪಟ್ಟುಕೊಳ್ಳುತ್ತಾನೆ. ನಮ್ಮ ದೇಶದಲ್ಲಿ ಅದನ್ನು ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆ ಪುಕ್ಕಟೆಯಾಗಿ ಕೊಡುತ್ತದೆ. ಪುಟ ಬಿಟ್ಟುಹೋಗಿದ್ದರೂ ಕೊಡುತ್ತದೆ, ಸತ್ತ ತಂದೆ ಧಾರೆ ಎರೆದರೂ ಕೊಡುತ್ತದೆ. ಅದು ವಾಹನದ ನಂಬರ್ ಪ್ಲೇಟ್ ಇದ್ದ ಹಾಗೆ, ಬ್ರೇಕ್ ಹಿಡಿಯುತ್ತದೆಯೇ ಎಂದು ಅದು ನೋಡುವುದಿಲ್ಲ.

ವಿಮರ್ಶಕರು ರಿಜೆಕ್ಟ್ ಮಾಡುವುದನ್ನು ಮರೆತಿದ್ದಾರೆಂದೇ ನಾನು ನಂಬಿದ್ದೆ, ಹೊಂಗಸಂದ್ರದ ಕಡೆಯ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ಹೆಣ್ಣುಮಗಳೊಬ್ಬಳು ಬರುವವರೆಗೆ. ಕಂದು ಕವರು ಇಲ್ಲ, ಸ್ವೀಟ್ ಬಾಕ್ಸೂ ಇಲ್ಲ. ಕೈಯಲ್ಲಿ 200 ಪುಟದ ನೋಟ್‌ಬುಕ್ಕು, ಅದರ ತುಂಬ ಕಥೆ. ‘ಇದನ್ನ ಅಚ್ಚು ಹಾಕ್ಸಬೌದಾ ನೋಡಿ ಸಾರ್. ಚೀಟಿ ದುಡ್ಡು ಎತ್ತಬೇಕು, ಅದ್ಕೇ ಮುಂಚೆ ಕೇಳೋಣ ಅಂತ.’

ಮುಂದಿನ ವಾರ ಆಕೆ ಬಂದಾಗ ನಾನೂ ಅಲ್ಲಿದ್ದೆ. ನೋಟ್‌ಬುಕ್ಕಿನ ತುಂಬ ಕೆಂಪು ಇಂಕು. ಸೀಸದ ಕಡ್ಡಿ ಯಾವಾಗ ಕೆಂಪು ಪೆನ್ನಾಯಿತೋ ಗೊತ್ತಿಲ್ಲ. ‘ಹನ್ನೊಂದು ಕಥೆಯಲ್ಲಿ ನಾಲ್ಕು ಪಾಸ್. ಐದು ರೀವರ್ಕ್. ಎರಡು ಸ್ಕ್ರ್ಯಾಪ್’ ಎಂದರು ವಿಮರ್ಶಕರು, ಮುಖದಲ್ಲಿ ಒಂದಿಷ್ಟೂ ದಾಕ್ಷಿಣ್ಯವಿಲ್ಲದೆ. ‘ಇಲ್ಲಿ ನೋಡಮ್ಮ, ಬ್ಯಾಚ್ ಟಾರ್ಗೆಟ್ ಮುಗಿಯದೆ ಹುಡುಗಿ ಊಟಕ್ಕೆ ಹೋಗದೆ ಕೂತಳು ಅಂತ ಬರೆದಿದ್ದೀಯ. ಅಷ್ಟು ಸಾಕಿತ್ತು. ಆಮೇಲೆ ಅರ್ಧ ಪುಟ ಅವಳ ಕಣ್ಣೀರು ಯಾಕೆ?’

ಆಕೆ ಅಳುತ್ತಾಳೇನೋ ಎಂದು ನಾನು ಹೆದರಿದೆ. ಆಕೆ ನೋಟ್‌ಬುಕ್ ತಿರುಗಿಸಿ ನೋಡಿ, ‘ನಾನೂ ಚೆಕಿಂಗ್‌ನಲ್ಲೇ ಇರೋದು ಸಾರ್. ದಿನಾ ಎಷ್ಟು ಪೀಸ್ ಆಲ್ಟ್ರೇಷನ್‌ಗೆ ವಾಪಸ್ ಕಳಿಸ್ತೀನಿ’ ಎಂದಳು. ಆಮೇಲೆ ಸ್ಕ್ರ್ಯಾಪ್ ಆದ ಒಂದು ಕಥೆಯ ಮೇಲೆ ಬೆರಳಿಟ್ಟು, ‘ಇದು ಮಾತ್ರ ಸ್ಕ್ರ್ಯಾಪ್ ಅಲ್ಲ. ಇನ್ನೊಂದ್ಸಲ ಓದಿ’ ಎಂದು ಪಟ್ಟು ಹಿಡಿದಳು. ವಾದ ಮುಕ್ಕಾಲು ಗಂಟೆ ನಡೆಯಿತು. ಕಥೆ ರೀವರ್ಕ್‌ಗೆ ಬಡ್ತಿ ಪಡೆಯಿತು. ವಿಮರ್ಶಕರು ಅಷ್ಟು ಖುಷಿಯಾಗಿದ್ದುದನ್ನು ಯಾವ ಬಿಡುಗಡೆಯಲ್ಲೂ ನಾನು ನೋಡಿರಲಿಲ್ಲ, ಶಾಲು ಹೊದಿಸಿದಾಗಲೂ.

ಆಕೆ ಹೋದ ಮೇಲೆ ತಾವಾಗಿ ಹೇಳಿದರು: ‘ಕಾರ್ಖಾನೇಲಿ ಫಸ್ಟ್ ಪೀಸ್ ಅಪ್ರೂವಲ್ ಅಂತ ಇತ್ತು. ಮೊದಲನೇ ಪೀಸ್ ನಾವು ನೋಡಿ ಸಹಿ ಹಾಕಿದ್ಮೇಲೇ ಲಾಟ್ ಓಡ್ತಿತ್ತು. ಈ ಜನ 500 ಕಾಪಿ ಓಡಿಸಿ ಆದ್ಮೇಲೆ ತರ್ತಾರೆ. ಆಗ ಸತ್ತ ಅಪ್ಪನ್ನ ಹೊರಗೆ ಕರ್ಕೊಂಡ್ ಬರೋಕಾಗತ್ತಾ? ಚೆನ್ನಾಗಿದೆ ಅನ್ನೋದೇ ವಾಸಿ.’

ಕನ್ನಡದಲ್ಲಿ ಈ ಪದ್ಧತಿ ಇಲ್ಲವೆಂದಲ್ಲ. ಸಾಫ್ಟ್‌ವೇರ್ ಕೆಲಸದಲ್ಲಿದ್ದುಕೊಂಡೇ ಛಂದ ಪುಸ್ತಕ ಕಟ್ಟಿದ ವಸುಧೇಂದ್ರ, ಇನ್ನೂ ಸಂಕಲನ ತರದ ಕಥೆಗಾರರಿಂದ ಹಸ್ತಪ್ರತಿ ಕರೆದು, ತೀರ್ಪುಗಾರರು ಆರಿಸಿದ ಮೇಲೆ ಅಚ್ಚು ಹಾಕುತ್ತಾ ಬಂದಿದ್ದಾರೆ. ಕನ್ನಡ ಪುಸ್ತಕ ಪ್ರಾಧಿಕಾರವೂ ಯುವ ಬರಹಗಾರರ ಮೊದಲ ಪುಸ್ತಕಕ್ಕೆ ನೆರವು ಕೊಡುವಾಗ ಹಸ್ತಪ್ರತಿಯನ್ನೇ ಕೇಳುತ್ತದೆ. ಅಲ್ಲಿ ಆಯ್ಕೆಯಾಗದೆ ಹೋಗಬಹುದು ಎಂಬ ಭಯಕ್ಕೇ ನಮ್ಮ ಬಿ ಬ್ಲಾಕಿನವರು ಮಗಳ ಹೆಸರಿನಲ್ಲಿ ಪ್ರಕಾಶನ ತೆರೆಯುವುದು. ತೆರೆಯಲಿ, ದುಡ್ಡು ಅವರದ್ದು.

ಆದ್ದರಿಂದ ಕೈಯಲ್ಲಿ ಹಸ್ತಪ್ರತಿ ಇರುವವರಲ್ಲಿ ಒಂದು ವಿನಂತಿ. ಅಚ್ಚಿನ ಮನೆಗೆ ಅಡ್ವಾನ್ಸ್ ಕೊಡುವ ಮೊದಲು ನಿಮ್ಮ ಲೇಔಟಿನ ವಿಮರ್ಶಕರ ಮನೆಯ ಬೆಲ್ ಒತ್ತಿ, ಸ್ವೀಟ್ ಬಾಕ್ಸ್ ಇಲ್ಲದೆ. ನಮ್ಮವರು ಸಂಜೆ ಐದರ ಮೇಲೆ ಸಿಗುತ್ತಾರೆ. ಭಾನುವಾರ ಬೇಡ, ಅವತ್ತು ಎಲ್ಲಾದರೂ ಪುಸ್ತಕ ಬಿಡುಗಡೆ ಇರುತ್ತದೆ.