ಶಂಖದ ಸೈಜು

ಹಳೆಯ ಡೀಸೆಲ್ ಜೀಪಿಗೆ ಟರ್ಬೊ ಕೂರಿಸಹೊರಟೆ. "ಹೌಸಿಂಗ್ ಯಾವ ಸೈಜು ಸಾರ್?" ಅಂದ ಮೇಸ್ತ್ರಿ. ಎಂಜಿನ್ನಿನ ಹೊಗೆ ಹಾಯುವ ಆ ಶಂಖದಾಕಾರದ ಚಿಪ್ಪು ದೊಡ್ಡದೇ ಇರಲಿ ಎಂದೆ. ಚಪ್ಪಲಿಯನ್ನೂ ಒಂದು ನಂಬರ್ ದೊಡ್ಡದೇ ಕೊಳ್ಳುವ ವಂಶ ನಮ್ಮದು.

ಚಾರ್ಮಾಡಿ ಘಾಟಿಯ ತಿರುವಿನಲ್ಲಿ ತುಳಿದರೆ ಟರ್ಬೊ ಏಳಲೇ ಇಲ್ಲ. ಭಾನುವಾರ ಬೆಳಗಿನ ಮಗನಂತೆ, ಕರೆದು ಎಷ್ಟೋ ಹೊತ್ತಿಗೆ "ಆಂ?" ಎಂದಿತು. ಹಿಂದೆ ಕರಿಹೊಗೆ, ಅದರ ಹಿಂದೆ ಬಸ್ಸಿನವನ ಬೈಗುಳ.

"ದಾರಿ ಅಗಲವಾದ್ರೆ ಹೊಗೆಗೆ ವೇಗ ಎಲ್ಲಿಂದ? ಪೈಪಿನ ಬಾಯಿಗೆ ಹೆಬ್ಬೆರಳಿಟ್ಟು ಗಿಡಕ್ಕೆ ನೀರು ಬಿಟ್ಟಿಲ್ವಾ?" ಎಂದ ಮೇಸ್ತ್ರಿ. ಅಮೆರಿಕದ ಡಾಡ್ಜ್ ಪಿಕಪ್ಪಿನ ಕಮ್ಮಿನ್ಸ್ ಎಂಜಿನ್ನೇ 21 ಚದರ ಸೆಂ.ಮೀ. ಹೌಸಿಂಗಿನಿಂದ 18ಕ್ಕೆ ಇಳಿದದ್ದು ನೆನಪಾಗಿ ಸಮಾಧಾನವಾಯಿತು.

ತೀರಾ ಚಿಕ್ಕದು ಹಾಕಿಸಿದೆ. ಘಾಟಿಯಲ್ಲಿ ಗಂಡುಗಲಿ, ಹೆದ್ದಾರಿಯಲ್ಲಿ ಓಡಿಸಿದರೆ ಹೊಗೆ ಹೊರಹೋಗಲಾರದೆ ಮೂಗು ಕಟ್ಟಿದ ಉಸಿರಾಟ.

"ಇಷ್ಟಕ್ಕೂ ನೀವು ದಿನಾ ಹೋಗೋದು ಹಾಲಿನ ಡೈರಿಗೆ ತಾನೆ?" ಎಂದಳು ಹೆಂಡತಿ.