ಕ್ಲಿಕ್ ಅಂದದ್ದಷ್ಟೇ ನನ್ನ ತಪ್ಪು

ತುಮಕೂರಿನ ಬಿ.ಎಚ್. ರಸ್ತೆ ಬದಿಯಲ್ಲಿ ಬಾನೆಟ್ ಎತ್ತಿ ನಿಂತಿದ್ದ ಹಳೇ ಕಾರು. ಅದರ ಹೆಡ್‌ಲೈಟ್ ರಿಲೇ ಮುಟ್ಟಿದರೆ ಬೆರಳು ಚುರ್ ಅನ್ನುತ್ತಿತ್ತು. ದೂರದಿಂದಲೇ ಮಾತಾಡಿಸಿದೆವು.

ಯಾಕಿಷ್ಟು ಬಿಸಿ?

ರಾತ್ರಿ ಗುಬ್ಬಿಯಿಂದ ಬಂದೆ ಸ್ವಾಮಿ. ಯಜಮಾನರು 60/55 ವ್ಯಾಟಿನ ಬಲ್ಬು ಕಿತ್ತು 130/100 ಹಾಕಿಸಿದ್ದಾರೆ. ಎದುರಿಂದ ಬರೋನು ಡಿಮ್ ಮಾಡಲ್ಲವಂತೆ, ಇವರಿಗೂ ಹಟ. ಹೈಬೀಮಿನಲ್ಲಿ 10 ಆಂಪಿಯರ್ ಹೊರುತ್ತಿದ್ದೆ, ಈಗ 21 ದಾಟಿದೆ. ಕರೆಂಟು ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು.

ಬೆನ್ನ ಮೇಲೆ 30 ಆಂಪಿಯರ್ ಅಂತಿದೆಯಲ್ಲ?

ಕಾಲು ಸಾಕೆಟ್ಟಿನಲ್ಲಿ ಬಿಗಿಯಾಗಿ ಕೂತಿದ್ದರೆ ತಾನೆ! ಈ 30ನೇ ನಂಬರಿನ ಕಾಲು ನೋಡಿ: ಬಣ್ಣ ಕೆಟ್ಟಿದೆ, ಪಕ್ಕದ ಪ್ಲಾಸ್ಟಿಕ್ ಕಂದಿದೆ, ಸಾಕೆಟ್ಟಿನೊಳಗೆ ಹಸಿರು ಕಿಲುಬು. ಕುಣಿಗಲ್ ಫಾರಂನಲ್ಲಿ ಕುದುರೆಯ ಕಾಲನ್ನು ಎಷ್ಟು ಜೋಪಾನವಾಗಿ ನೋಡ್ತಾರೆ! ನನ್ನ ಕಾಲು ಯಾರಿಗೆ ಬೇಕು?

ಆದರೂ ಬದಲಾಗೋದು ನೀವೇ.

ನಾನು ಅಗ್ಗ ಸ್ವಾಮಿ. ನನಗಿಂತ ಮೊದಲು ಇಬ್ಬರು ಸಸ್ಪೆಂಡ್ ಆದರು. ಸಾಕೆಟ್ಟಿಗೆ ಒಂದು ನೋಟಿಸೂ ಹೋಗಿಲ್ಲ.

ಸರಿಯಾದ ತನಿಖೆ ಹೇಗೆ?

ಲೈಟು ಉರಿಯುತ್ತಿರುವಾಗಲೇ ಮೀಟರಿನ ಒಂದು ಕಡ್ಡಿ ನನ್ನ 30ನೇ ಕಾಲಿಗೆ, ಇನ್ನೊಂದು 87ಕ್ಕೆ ಹಿಡಿಯಿರಿ. 0.1, 0.2 ವೋಲ್ಟಿನೊಳಗಿದ್ದರೆ ನಾನು ನಿರಪರಾಧಿ. ಅರ್ಧ ವೋಲ್ಟ್ ತೋರಿಸಿದರೆ ಒಳಗಿನ ಪಾಯಿಂಟು ಸುಟ್ಟಿದೆ ಅಂತ. 20 ಆಂಪಿಯರಿಗೆ 10 ವ್ಯಾಟ್ ಉರಿ ನನ್ನ ಹೊಟ್ಟೆಯಲ್ಲೇ. ಆಗ ಕಿತ್ತುಹಾಕಿ, ಬೇಜಾರಿಲ್ಲ. ಆಮೇಲೆ ಕಡ್ಡಿಗಳನ್ನು ವೈರಿನ ಕಡೆಗೆ ಸರಿಸಿ. ಆಗ ವೋಲ್ಟು ಜಿಗಿದರೆ ಕಳ್ಳ ಸಾಕೆಟ್ಟೇ. ಅಂದಹಾಗೆ 85, 86ರ ನಡುವಿನ ಕಾಯಿಲ್‌ಗೆ ಒಂದೆರಡು ವ್ಯಾಟ್ ಯಾವಾಗಲೂ ಬೇಕು. ಬೆಚ್ಚಗಿರೋದು ರೋಗವಲ್ಲ.

ಫ್ಯೂಸು ಏನು ಮಾಡುತ್ತಿತ್ತು?

ಅದು ಕರೆಂಟು ಮಾತ್ರ ಎಣಿಸುತ್ತೆ. ಲೂಸ್ ಕಾಲಿನ ಬಿಸಿ ಅದರ ಲೆಕ್ಕಕ್ಕೇ ಬರಲ್ಲ. ಸಾಲದ್ದಕ್ಕೆ 15ರ ಜಾಗದಲ್ಲಿ 30 ಕೂರಿಸಿದ್ದಾರೆ. ಕಾವಲುಗಾರನಿಗೇ ನಿದ್ದೆ ಮಾತ್ರೆ.

(ಇದೇ ಗುಬ್ಬಿ ತಾಲ್ಲೂಕಿನಲ್ಲಿ 2023ರಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಶುರುವಾಗಿದೆ. ಆ ಶಿಸ್ತು ಹೆದ್ದಾರಿ ದಾಟಿ ಈ ಬಾನೆಟ್ಟಿನೊಳಗೆ ಇನ್ನೂ ಇಳಿದಿಲ್ಲ.)

ಮೀಟರ್ ಹಿಡಿಸಿ ಅಂತ ಯಜಮಾನರಿಗೆ ಹೇಳೋಣವೇ?

ಪುರುಸೊತ್ತಿಲ್ಲವಂತೆ, ಸಂಜೆ ಕುಣಿಗಲ್‌ನಲ್ಲಿ ಆರತಕ್ಷತೆ. ಅಗೋ, ಹೊಸ ರಿಲೇ ಬಂತು. ಸ್ವಲ್ಪ ಸರೀರಿ ಸ್ವಾಮಿ, ನಾಲ್ಕು ದನಿಯ ಹಾರ್ನನ್ನೂ ಇದೇ ವೈರಿಗೆ ಸೇರಿಸ್ತಾರಂತೆ.